ಸ್ಲೈಡು, ಸೈಲೇನ್, ಕಾಗೆಬಂಗಾರ: ಮೇಲ್ಮೈ ಕೆಲಸದ ನನ್ನ ಅನುಭವ

ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಗಾಜಿನ ಸ್ಲೈಡುಗಳ ಮೇಲೆ ಒಂದೇ ಒಂದು ಅಣುವಿನಷ್ಟು ದಪ್ಪದ ಪದರ ಕೂರಿಸುವುದು ನನ್ನ ಕೆಲಸ. ಪದರದ ದಪ್ಪ ಸುಮಾರು 2.5 ನ್ಯಾನೊಮೀಟರ್. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗುವುದಿಲ್ಲ. ಒಂದು ಹನಿ ನೀರು ಬಿಟ್ಟರೆ ಮಾತ್ರ ಗೊತ್ತಾಗುತ್ತದೆ. ತೊಳೆದ ಬರಿ ಗಾಜಿನ ಮೇಲೆ ಹನಿ ಸುಮ್ನೆ ಹರಡಿಕೊಂಡು ಹೋಗುತ್ತದೆ. ಪದರ ಕೂತ ಗಾಜಿನ ಮೇಲೆ ಗುಂಡಗೆ ಎದ್ದು ನಿಲ್ಲುತ್ತದೆ.

ಹೊಸದಾಗಿ ಸೇರಿದವರು ಬಂದು "ಮೇಡಂ, ಪ್ರೊಟೊಕಾಲ್ ಕೊಡಿ" ಅಂತಾರೆ. ಕೊಡುತ್ತೇನೆ, ಅರ್ಧ ಪುಟ ಇದೆ ಅಷ್ಟೇ. ಆದರೆ ಅದೇ ಅರ್ಧ ಪುಟ ಇಟ್ಟುಕೊಂಡು ಒಬ್ಬರಿಗೆ ಬರುತ್ತದೆ, ಪಕ್ಕದ ಬೆಂಚಿನವರಿಗೆ ಬರುವುದಿಲ್ಲ. ಹೆಚ್ಚಿನ ಸಲ ಕಾರಣ ಕೆಮಿಕಲ್ ಅಲ್ಲ, ಗಾಜು. ಅದೂ ಒಳಗಿನ ಗಾಜಲ್ಲ, ಮೇಲಿನ ಕೆಲವೇ ನ್ಯಾನೊಮೀಟರ್. ಆ ತೆಳು ಭಾಗ ಹೇಗೆ ಹುಟ್ಟಿತು, ಎಷ್ಟು ದಿನ ಎಲ್ಲಿ ಕೂತಿತ್ತು, ಯಾವ ನೀರು ಮುಟ್ಟಿತ್ತು ಅಂತ ಕೇಳದೆ ಕೆಲಸಕ್ಕೆ ಇಳಿಯಬಾರದು ಅನ್ನುವುದು ನನ್ನ ಪಾಠ. ಹರಳಿನ ಜೊತೆ ಕೆಲಸ ಮಾಡುವವರಿಗೆ ಈ ಗೋಳು ಸ್ವಲ್ಪ ಕಡಿಮೆ. ಯಾಕೆ ಅಂತ ಹೇಳುತ್ತೇನೆ.

ಬೆಣಚುಕಲ್ಲು ಒಂದು ಹರಳು. ಅದನ್ನು ಪುಡಿ ಮಾಡಿ ಎಕ್ಸ್-ರೇ ಯಂತ್ರದಲ್ಲಿ ಇಟ್ಟರೆ 26.6 ಡಿಗ್ರಿ ಕೋನದ ಹತ್ತಿರ ಒಂದು ಚೂಪಾದ ಗೆರೆ ಸೂಜಿಯ ಹಾಗೆ ಮೇಲೆದ್ದು ಬರುತ್ತದೆ. ಅದರ ಆಚೀಚೆ ಇನ್ನೂ ಹಲವು ಗೆರೆಗಳು. ಕರಗಿಸಿ ಮಾಡಿದ ಸಿಲಿಕಾ ಗಾಜಿನ ಪುಡಿ ಇಡಿ. ಅದೇ ಸಿಲಿಕಾನ್, ಅದೇ ಆಕ್ಸಿಜನ್, ಅದೇ ಒಂದಕ್ಕೆ ಎರಡರ ಲೆಕ್ಕ. ಆದರೆ ಗೆರೆ ಒಂದೂ ಇಲ್ಲ. 22 ಡಿಗ್ರಿಯ ಸುತ್ತಮುತ್ತ ಒಂದು ಅಗಲವಾದ ಉಬ್ಬು, ಅಷ್ಟೇ. ತೂಕದಲ್ಲೂ ವ್ಯತ್ಯಾಸ ಇದೆ. ಒಂದು ಘನ ಸೆಂಟಿಮೀಟರ್ ಬೆಣಚು 2.65 ಗ್ರಾಂ ತೂಗಿದರೆ ಸಿಲಿಕಾ ಗಾಜು 2.20 ಗ್ರಾಂ. ಒಳಗೆ ಖಾಲಿ ಜಾಗ ಜಾಸ್ತಿ.

ಎರಡರಲ್ಲೂ ಒಂದು ಸಿಲಿಕಾನಿನ ಸುತ್ತ ನಾಲ್ಕು ಆಕ್ಸಿಜನ್ ಇರುತ್ತವೆ. ನಡುವಿನ ದೂರವೂ ಹೆಚ್ಚುಕಮ್ಮಿ ಒಂದೇ, 0.16 ನ್ಯಾನೊಮೀಟರ್. ಬೇರೆಯಾಗುವುದು ಒಂದು ನಾಲ್ಕರ ಗುಂಪು ಪಕ್ಕದ ಗುಂಪಿಗೆ ಯಾವ ಕೋನದಲ್ಲಿ ಕೈ ಕೊಡುತ್ತದೆ ಅನ್ನುವುದು. ಬೆಣಚಿನಲ್ಲಿ ಆ ಕೋನ 144 ಡಿಗ್ರಿಯ ಹತ್ತಿರ, ಎಲ್ಲ ಕಡೆಯೂ ಅದೇ. ಗಾಜಿನಲ್ಲಿ 120ರಿಂದ 180ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಹರಳು ಚುಕ್ಕಿ ಇಟ್ಟು ಹಾಕಿದ ರಂಗೋಲಿ. ಒಂದು ಮೂಲೆ ನೋಡಿದರೆ ಇನ್ನೊಂದು ಮೂಲೆಯಲ್ಲಿ ಏನಿದೆ ಅಂತ ಹೇಳಬಹುದು. ಗಾಜಿಗೆ ಆ ಚುಕ್ಕಿಗಳೇ ಇಲ್ಲ.

ಈ ಚಿತ್ರವನ್ನು ಕಾಗದದ ಮೇಲೆ ಬರೆದು ತೋರಿಸಿದ್ದು ಜಕಾರಿಯಾಸೆನ್ ಎಂಬ ವಿಜ್ಞಾನಿ, 1932ರಲ್ಲಿ. ಐದು, ಆರು, ಏಳು ಮೂಲೆಯ ಉಂಗುರಗಳು ಅಡ್ಡಾದಿಡ್ಡಿ ಹೆಣೆದುಕೊಂಡ ಬಲೆ. ಬಹಳ ವರ್ಷ ಅದು ಊಹೆಯ ಚಿತ್ರವಾಗಿಯೇ ಇತ್ತು. 2012ರಲ್ಲಿ ಬರ್ಲಿನ್ನಿನ ಫ್ರಿಟ್ಜ್ ಹಾಬರ್ ಸಂಸ್ಥೆಯವರು ರುಥೇನಿಯಂ ಲೋಹದ ಮೇಲೆ ಎರಡೇ ಪದರದ ಸಿಲಿಕಾ ಗಾಜು ಬೆಳೆಸಿ, ಅದರ ಪರಮಾಣುಗಳನ್ನು ಒಂದೊಂದಾಗಿ ಕಂಡರು. ಅದೇ ವರ್ಷ ಗ್ರಾಫೀನ್ (ಒಂದೇ ಪರಮಾಣು ದಪ್ಪದ ಕಾರ್ಬನ್ ಹಾಳೆ) ಮೇಲೆ ಕೂತ ಇಂಥದ್ದೇ ಪದರವನ್ನು ಇನ್ನೊಂದು ತಂಡ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಕಂಡಿತು. 80 ವರ್ಷ ಹಿಂದಿನ ಚಿತ್ರವನ್ನೇ ಯಾರೋ ಟ್ರೇಸ್ ಮಾಡಿದ ಹಾಗಿದೆ. ನನ್ನ ಟೇಬಲ್ಲಿನ ಮುಂದೆ ಎರಡನ್ನೂ ಪಕ್ಕಪಕ್ಕ ಅಂಟಿಸಿಕೊಂಡಿದ್ದೇನೆ.

ಇಷ್ಟೆಲ್ಲ ಶುದ್ಧ ಸಿಲಿಕಾದ ಮಾತು. ನಮಗೆ ಡಬ್ಬದಲ್ಲಿ ಬರುವ ಮಾಮೂಲಿ ಸ್ಲೈಡು ಸೋಡಾ-ಲೈಮ್ ಗಾಜು, ಕಿಟಕಿಗೆ ಹಾಕುವ ಜಾತಿ. ತೂಕದಲ್ಲಿ ನೂರಕ್ಕೆ ಎಪ್ಪತ್ತು ಚಿಲ್ಲರೆ ಸಿಲಿಕಾ. ಉಳಿದದ್ದರಲ್ಲಿ ದೊಡ್ಡ ಪಾಲು ಸೋಡಿಯಂ ಮತ್ತು ಕ್ಯಾಲ್ಸಿಯಂ ಆಕ್ಸೈಡು. ಸೋಡಿಯಂ ಸೇರಿಸುವುದು ಕಡಿಮೆ ಶಾಖಕ್ಕೆ ಕರಗಲಿ ಅಂತ. ಅದು ಬಲೆಯನ್ನು ಅಲ್ಲಲ್ಲಿ ಕತ್ತರಿಸಿ ಸಂದಿಗಳಲ್ಲಿ ಕೂರುತ್ತದೆ. ಗಟ್ಟಿಯಾಗಿ ಕೂರುವುದಿಲ್ಲ, ಅದೇ ತೊಂದರೆ. ನೀರು ಸಿಕ್ಕಿತೋ, ನೀರಿನ ಹೈಡ್ರೋಜನ್ ಒಳಗೆ ಹೋಗುತ್ತದೆ, ಸೋಡಿಯಂ ಹೊರಗೆ ಬರುತ್ತದೆ.

ಮಳೆಗಾಲದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಒಂದರ ಮೇಲೊಂದು ಒತ್ತಾಗಿ ಪೇರಿಸಿಟ್ಟ ಹಳೇ ಸ್ಲೈಡುಗಳ ನಡುವೆ ತೇವ ಸೇರಿ ತೆಳ್ಳಗೆ ನೀರಿನ ಪೊರೆ ನಿಲ್ಲುತ್ತದೆ. ಅದಕ್ಕೆ ಸೋಡಿಯಂ ಇಳಿಯುತ್ತದೆ. ಇಷ್ಟೇ ಇಷ್ಟು ನೀರು, ಕೊಚ್ಚಿಕೊಂಡು ಹೋಗಲು ದಾರಿ ಇಲ್ಲ. ಆದ್ದರಿಂದ ಕ್ಷಾರ ಏರುತ್ತಲೇ ಹೋಗುತ್ತದೆ. ಪಿಎಚ್ 9 ದಾಟಿದರೆ ಆಟವೇ ಬೇರೆ. ಆಮೇಲೆ ಸೋಡಿಯಂ ಮಾತ್ರ ಹೊರಗೆ ಬರುವುದಲ್ಲ, ಸಿಲಿಕಾ ಬಲೆಯೇ ಕರಗಲು ಶುರು. ಹೊರಗಿನಿಂದ ನೋಡಿದರೆ ಬಿಳಿ ಮಬ್ಬು. ಎಷ್ಟು ಒರೆಸಿದರೂ ಹೋಗದ ಮಬ್ಬು, ಯಾಕೆಂದರೆ ಅದು ಕೊಳೆ ಅಲ್ಲ, ಸವೆದ ಗಾಜು. ಗಾಜಿನ ಕಾರ್ಖಾನೆಯವರು ಹಾಳೆಗಳ ನಡುವೆ ಉದುರಿಸುವ ಪುಡಿಯಲ್ಲಿ ಅಡಿಪಿಕ್ ಆಸಿಡ್ ಬೆರೆಸುವುದು ಈ ಕ್ಷಾರವನ್ನು ತಿನ್ನಲಿ ಅಂತಲೇ.

ಇದೇ ಸವೆತ ನೂರಾರು ವರ್ಷ ಮಣ್ಣಿನಡಿ ನಡೆದರೆ ಮೇಲ್ಮೈ ತೆಳು ತೆಳು ಪದರಗಳಾಗಿ ಬಿಡುತ್ತದೆ. ಬೆಳಕು ಬಿದ್ದಾಗ ನವಿಲುಗರಿಯ ಬಣ್ಣ ಹೊಮ್ಮುತ್ತದೆ. ಅಂಥ ಪುರಾತನ ಗಾಜಿನ ಚೂರುಗಳನ್ನು ಸಿ.ವಿ. ರಾಮನ್ ಬೆಂಗಳೂರಿನಲ್ಲಿ ಕೂತು ಪರೀಕ್ಷೆ ಮಾಡಿ 1940ರಲ್ಲಿ ಬರೆದಿದ್ದಾರೆ. ಅವರಿಗೆ ಬೇಕಾಗಿದ್ದದ್ದು ಬಣ್ಣ. ನನಗೆ ಆ ಪದರಗಳು ಎಚ್ಚರಿಕೆಯ ಗಂಟೆ.

ಇನ್ನೊಂದು ವಿಷಯ, ಗಾಜಿನ ಎರಡು ಮುಖ ಒಂದೇ ಅಲ್ಲ. ದೊಡ್ಡ ಹಾಳೆ ಗಾಜನ್ನು ಈಗ ಕರಗಿದ ತವರದ ಮೇಲೆ ತೇಲಿಸಿ ಮಾಡುತ್ತಾರೆ. ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ 1959ರಲ್ಲಿ ಹೊರಗೆಡವಿದ ವಿಧಾನ. ತವರಕ್ಕೆ ತಾಗಿದ ಮುಖಕ್ಕೆ ಒಂದಿಷ್ಟು ತವರ ಅಂಟಿಕೊಂಡೇ ಬರುತ್ತದೆ. ಕೋಣೆ ಕತ್ತಲು ಮಾಡಿ, 254 ನ್ಯಾನೊಮೀಟರಿನ ಯುವಿ ಲ್ಯಾಂಪನ್ನು ಓರೆಯಾಗಿ ಹಿಡಿದರೆ ಆ ಮುಖ ಹಾಲು ಬಿಳುಪಾಗಿ ಮಂಕಾಗಿ ಹೊಳೆಯುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಂಡೇ ನೋಡಬೇಕು. ನಾನು ಹೊಳೆಯದ ಮುಖದ ಮೂಲೆಗೆ ವಜ್ರದ ಪೆನ್ನಿನಿಂದ ಸಣ್ಣ ಗುರುತು ಹಾಕಿ ಆ ಕಡೆಗೇ ಪದರ ಕೂರಿಸುತ್ತೇನೆ. ನನ್ನ ಕೈಯಲ್ಲಿ ಆ ಮುಖವೇ ಹೆಚ್ಚು ಸಮನಾಗಿ ಬಂದಿದೆ.

ಬೇರೆ ಅಳತೆಯ ಗಾಜು ಬೇಕಾದಾಗ ಗಾಜಿನ ಅಂಗಡಿಗೇ ಹೋಗುತ್ತೇನೆ. ಅಂಗಡಿಯವರು ಕಟರ್ ಚಕ್ರವನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಒಂದೇ ಎಳೆತಕ್ಕೆ ಗೆರೆ ಹಾಕಿ, ತಕ್ಷಣ ಮುರಿಯುತ್ತಾರೆ. "ಗೆರೆ ಎಳೆದು ಚಾ ಕುಡಿಯಕ್ಕೆ ಹೋದ್ರೆ ಆಮೇಲೆ ನೆಟ್ಟಗೆ ಒಡೆಯಲ್ಲ ಮೇಡಂ" ಅಂತ ಒಬ್ಬರು ಹೇಳಿದ್ದರು. ಅವರ ಅನುಭವ ಸರಿ. ಬಿರುಕಿನ ತುದಿಯಲ್ಲಿ ಎಳೆತಕ್ಕೆ ಸಿಕ್ಕಿದ ಸಿಲಿಕಾನ್-ಆಕ್ಸಿಜನ್ ಬಂಧವನ್ನು ಒಂದೇ ಒಂದು ನೀರಿನ ಅಣು ಹೇಗೆ ಸೀಳುತ್ತದೆ ಅಂತ 1982ರಲ್ಲಿ ಮಿಖಾಲ್ಸ್ಕೆ ಮತ್ತು ಫ್ರೈಮನ್ ವಿವರಿಸಿದ್ದರು. ಗಾಳಿಯ ತೇವವೇ ಸಾಕು ಆ ಕೆಲಸಕ್ಕೆ. ಹೊಸ ಗೆರೆ ಸ್ವಲ್ಪ ಹೊತ್ತು ಬಿಟ್ಟರೆ ಮೊದಲಿನ ಗೆರೆಯಾಗಿ ಉಳಿಯುವುದಿಲ್ಲ.

ಇನ್ನು ತೊಳೆಯುವುದು. ಸೋಪು, ನೀರು, ಎಥನಾಲ್ ಆದ ಮೇಲೆ ಪಿರಾನಾ: ಮೂರು ಪಾಲು ಸಲ್ಫ್ಯೂರಿಕ್ ಆಸಿಡ್, ಒಂದು ಪಾಲು 30 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್. ಆಸಿಡ್ಡಿಗೆ ಪೆರಾಕ್ಸೈಡನ್ನು ನಿಧಾನವಾಗಿ ಹಾಕಬೇಕು, ಉಲ್ಟಾ ಅಲ್ಲ. ಬೀಕರು ತನ್ನಷ್ಟಕ್ಕೇ ನೂರು ಡಿಗ್ರಿ ಮುಟ್ಟುವಷ್ಟು ಬಿಸಿಯಾಗುತ್ತದೆ. ಹತ್ತಿರ ಅಸಿಟೋನ್ ಬಾಟಲಿ ಇರಕೂಡದು. ಎಥನಾಲ್ ಹಾಕಿದ ಸ್ಲೈಡು ಪೂರ್ತಿ ಒಣಗದೆ ಅದರೊಳಗೆ ಇಳಿಯಕೂಡದು. ಮುಗಿದ ಮೇಲೆ ಅದನ್ನು ಬಾಟಲಿಗೆ ಹಾಕಿ ಬಿಗಿ ಮುಚ್ಚಳ ಹಾಕಿದರೆ ಬಾಟಲಿ ಸಿಡಿಯುತ್ತದೆ. ನಿಜ ಹೇಳಬೇಕೆಂದರೆ ಈಗ ನಾನು ಪಿರಾನಾ ಬಳಸುವುದೇ ಕಡಿಮೆ. 185 ಮತ್ತು 254 ನ್ಯಾನೊಮೀಟರ್ ಎರಡೂ ಕೊಡುವ ಯುವಿ ಲ್ಯಾಂಪಿನ ಡಬ್ಬದಲ್ಲಿ ಇಟ್ಟರೆ ಓಜೋನ್ ಹುಟ್ಟಿ ಮೇಲಿನ ಜಿಡ್ಡನ್ನು ಸುಟ್ಟು ಹಾಕುತ್ತದೆ. ಮಾಮೂಲಿ ಕೆಲಸಕ್ಕೆ ಅಷ್ಟು ಸಾಕು. ಪಿರಾನಾದ ಒಂದು ಹೆಚ್ಚುವರಿ ಲಾಭ ಅಂದರೆ ಆಸಿಡ್ಡು ಮೇಲಿನ ಸೋಡಿಯಂ ಎಳೆದುಕೊಳ್ಳುತ್ತದೆ. ಉಳಿಯುವುದು ಸಿಲಿಕಾ ಜಾಸ್ತಿ ಇರುವ ಪದರ.

ತೊಳೆದ ಮೇಲೆ ಗಾಜಿನ ತುದಿಯಲ್ಲಿ ಇರುವುದು ಸಿಲಾನಾಲ್, ಅಂದರೆ ಸಿಲಿಕಾನಿಗೆ ಜೋತುಬಿದ್ದ ಒಂದು ಆಕ್ಸಿಜನ್-ಹೈಡ್ರೋಜನ್ ಜೋಡಿ. ನೀರು ಚೆನ್ನಾಗಿ ಕುಡಿದ ಸಿಲಿಕಾ ಮೇಲ್ಮೈಯಲ್ಲಿ ಒಂದು ಚದರ ನ್ಯಾನೊಮೀಟರಿಗೆ ಸುಮಾರು ಐದು. ನಮಗೆ ಬೇಕಾದ ಅಣುಗಳು ಕೈ ಹಿಡಿಯುವುದು ಇವನ್ನೇ. ಕೆಲವರು ಚೆನ್ನಾಗಿ ಒಣಗಲಿ ಅಂತ ಕುಲುಮೆಯಲ್ಲಿ 500 ಡಿಗ್ರಿಗೆ ಇಡುತ್ತಾರೆ. ಅಕ್ಕಪಕ್ಕದ ಸಿಲಾನಾಲ್‌ಗಳು ಅಷ್ಟು ಶಾಖಕ್ಕೆ ನೀರು ಬಿಟ್ಟು ತಾವೇ ಕೂಡಿಕೊಂಡು ಬಿಡುತ್ತವೆ. ಸಂಖ್ಯೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ, ಮತ್ತೆ ತೆರೆದುಕೊಳ್ಳಲು ಬಹಳ ಸಮಯ ಬೇಕು. ಹಿಡಿಯಲು ಕೈಗಳೇ ಇಲ್ಲದ ಮೇಲೆ ಪದರ ಎಲ್ಲಿ ಕೂರುತ್ತದೆ? 110-120 ಡಿಗ್ರಿ ಒವನ್ನಿನಲ್ಲಿ ಒಂದು ಗಂಟೆ ಇಟ್ಟರೆ ನನಗೆ ಸಾಕಾಗಿದೆ.

ನಾನು ಹೆಚ್ಚಾಗಿ ಬಳಸುವುದು ಆಕ್ಟಾಡೆಸಿಲ್ ಟ್ರೈಕ್ಲೋರೋಸೈಲೇನ್. ಲ್ಯಾಬಿನಲ್ಲಿ ಎಲ್ಲರೂ ಓಟಿಎಸ್ ಅಂತಾರೆ. ಒಂದು ತುದಿಯಲ್ಲಿ ಮೂರು ಕ್ಲೋರಿನ್ ಕಟ್ಟಿಕೊಂಡ ಸಿಲಿಕಾನ್, ಬಾಲದಲ್ಲಿ 18 ಕಾರ್ಬನ್. ಇದು ಗಾಜಿನ ಮೇಲೆ ಒತ್ತಾಗಿ ಒಂದೇ ಪದರವಾಗಿ ನಿಲ್ಲುತ್ತದೆ ಅಂತ 1980ರಲ್ಲಿ ಜಾಕಬ್ ಸಾಗಿವ್ ತೋರಿಸಿದ್ದರು. ನೀರಿನ ಜೊತೆ ಇದರ ಸಂಬಂಧ ವಿಚಿತ್ರ. ಗಾಜಿನ ಮೇಲೆ ಒಂದು ಎಳೆ ನೀರಿನ ಪೊರೆ ಬೇಕೇ ಬೇಕು, ಇಲ್ಲದಿದ್ದರೆ ಕ್ಲೋರಿನ್ ಬಿಟ್ಟು ಕೂಡಿಕೊಳ್ಳುವುದು ಸರಿಯಾಗಿ ನಡೆಯುವುದಿಲ್ಲ. ಆದರೆ ಓಟಿಎಸ್ ಕರಗಿಸಿಕೊಳ್ಳುವ ದ್ರವ ಟೊಲುಯಿನ್; ಅದರಲ್ಲಿ ನೀರು ಜಾಸ್ತಿಯಾದರೆ ಗಾಜು ಮುಟ್ಟುವ ಮೊದಲೇ ಅಣುಗಳು ತಮ್ಮೊಳಗೇ ಕಟ್ಟಿಕೊಂಡು ಬಿಳಿ ಚೂರುಗಳಾಗುತ್ತವೆ. ಆದ್ದರಿಂದ ಜುಲೈ-ಆಗಸ್ಟಿನಲ್ಲಿ ನಾನು ಈ ಕೆಲಸವನ್ನು ನೈಟ್ರೋಜನ್ ತುಂಬಿದ ಗ್ಲೌ ಬಾಕ್ಸಿನಲ್ಲೇ ಮಾಡುವುದು. ಫೆಬ್ರವರಿಯ ಒಣ ಗಾಳಿಯಲ್ಲಿ ಫ್ಯೂಮ್ ಹುಡ್ಡಿನಲ್ಲೂ ನಡೆಯುತ್ತದೆ. ಬಾಟಲಿ ತೆರೆದಾಗ ಬಾಯಿಯ ಹತ್ತಿರ ಹೊಗೆಯಾಡಿದರೆ ಅದು ಹೈಡ್ರೋಕ್ಲೋರಿಕ್ ಆಸಿಡ್. ಗಾಳಿಯಲ್ಲಿ ತೇವ ಎಷ್ಟಿದೆ ಅಂತ ಮೀಟರ್ ನೋಡದೆಯೇ ಅಂದಾಜಾಗುತ್ತದೆ.

ಚೆನ್ನಾಗಿ ಕೂತಿದೆಯೋ ಇಲ್ಲವೋ ಅನ್ನುವುದಕ್ಕೆ ನನ್ನ ಮೊದಲ ಗುರುತು ಯಂತ್ರದ್ದಲ್ಲ. ಚಿಮಟದಲ್ಲಿ ಹಿಡಿದು ಸ್ಲೈಡನ್ನು ಟೊಲುಯಿನ್ನಿನಿಂದ ನಿಧಾನವಾಗಿ ಮೇಲೆತ್ತಿ. ಬರಿ ಗಾಜಾದರೆ ಒದ್ದೆಯಾಗಿಯೇ ಬರುತ್ತದೆ. ಪದರ ಕೂತಿದ್ದರೆ ದ್ರವದ ಅಂಚು ಮೇಲಿನಿಂದ ಕೆಳಕ್ಕೆ ಸರ್ರನೆ ಜಾರುತ್ತದೆ, ಸ್ಲೈಡು ಒಣಗಿಕೊಂಡೇ ಹೊರಗೆ ಬರುತ್ತದೆ. ಎಲ್ಲಾದರೂ ಒಂದು ಕಡೆ ಅಂಚು ತಡವರಿಸಿ ನಿಂತರೆ ಆ ಜಾಗದಲ್ಲಿ ಏನೋ ಇದೆ. ಬೆರಳಚ್ಚು ಇರಬಹುದು, ಬಿಳಿ ಚೂರು ಇರಬಹುದು. ಆಮೇಲೆ ಕ್ಯಾಮೆರಾ ಇಟ್ಟು ನೀರಿನ ಹನಿಯ ಅಂಚು ಗಾಜಿಗೆ ತಾಗುವ ಕೋನ ಅಳೆಯುತ್ತೇನೆ. 110 ಡಿಗ್ರಿಯ ಹತ್ತಿರ ಬಂದರೆ ಖುಷಿ. 95 ಬಂದರೆ ಬಾಲಗಳು ಒತ್ತಾಗಿ ನಿಂತಿಲ್ಲ ಅಂತಲೇ ಅರ್ಥ. ಒಂದೇ ಜಾಗದಲ್ಲಿ ಅಳೆದು ಬರೆದುಕೊಳ್ಳುವವರನ್ನು ನಾನು ನಂಬುವುದಿಲ್ಲ. ಮಧ್ಯ ಒಂದು, ಮೂಲೆಗಳಲ್ಲಿ ಒಂದೊಂದು, ಇಷ್ಟಾದರೂ ಬೇಕು.

ಈ ತಾಪತ್ರಯ ಬೇಡ ಅಂತ ಸಿಲಿಕಾನ್ ವೇಫರಿಗೆ, ಅಂದರೆ ಚಿಪ್ ಮಾಡಲು ಬಳಸುವ ತೆಳು ಸಿಲಿಕಾನ್ ಬಿಲ್ಲೆಗೆ, ಹೋಗುವವರಿದ್ದಾರೆ. ಅದು ಹರಳು, ಶುದ್ಧ, ಕನ್ನಡಿಯ ಹಾಗೆ ನುಣುಪು. ಒಪ್ಪಿದೆ. ಆದರೆ ಗಾಳಿಗೆ ಬಂದ ವೇಫರಿನ ಮೇಲೆ ಒಂದೆರಡು ನ್ಯಾನೊಮೀಟರ್ ಆಕ್ಸೈಡ್ ತಾನೇ ಬೆಳೆದಿರುತ್ತದೆ. ಆ ಆಕ್ಸೈಡ್ ಹರಳಲ್ಲ, ಗಾಜೇ. ಕೆಳಗೆ ಹರಳು, ಮೇಲೆ ಗಾಜು. ನಾವು ಮುಟ್ಟುವುದು ಮೇಲಿನದನ್ನು, ಅಲ್ವಾ? ಸೋಡಿಯಂ ಕಾಟ ಇಲ್ಲ ಅನ್ನುವುದೊಂದೇ ಲಾಭ. ಅದೇನು ಸಣ್ಣ ಲಾಭವಲ್ಲ ಬಿಡಿ.

ಆಕ್ಸೈಡ್ ಪೂರ್ತಿ ತೆಗೆದು ನಿರ್ವಾತದಲ್ಲಿ ಇಟ್ಟರೂ ಹರಳಿನ ಮೇಲ್ಮೈ ಒಳಗಿನ ಸಾಲನ್ನು ಹಾಗೇ ಇಟ್ಟುಕೊಳ್ಳುವುದಿಲ್ಲ. ಸಿಲಿಕಾನಿನ 111 ಮುಖವನ್ನು (ಹರಳನ್ನು ಒಂದು ನಿರ್ದಿಷ್ಟ ದಿಕ್ಕಿನಲ್ಲಿ ಕತ್ತರಿಸಿದಾಗ ಸಿಗುವ ಮುಖ) 1983ರಲ್ಲಿ ಬಿನಿಗ್, ರೋರರ್ ತಂಡ ಜ್ಯೂರಿಕ್‌ನ ಐಬಿಎಂನಲ್ಲಿ ತಮ್ಮ ಟನೆಲಿಂಗ್ ಮೈಕ್ರೋಸ್ಕೋಪಿನಿಂದ ನೋಡಿದಾಗ ಏಳಕ್ಕೆ ಏಳರ, ಅಂದರೆ ಉದ್ದಕ್ಕೂ ಅಗಲಕ್ಕೂ ಏಳು ಪಟ್ಟು ದೊಡ್ಡ ವಿನ್ಯಾಸ ಕಂಡಿತು. ಕತ್ತರಿಸಿದ ಹಾಗೇ ಬಿಟ್ಟಿದ್ದರೆ ಅಷ್ಟು ಜಾಗದಲ್ಲಿ 49 ಬಂಧಗಳು ಜೋಡಿಯಿಲ್ಲದೆ ನೇತಾಡಬೇಕಿತ್ತು. ಪರಮಾಣುಗಳು ಜಾಗ ಬದಲಿಸಿಕೊಂಡು ಅದನ್ನು 19ಕ್ಕೆ ಇಳಿಸಿಕೊಂಡಿದ್ದವು. ಆದರೂ ಹರಳಿನ ಮೇಲ್ಮೈ ಎಲ್ಲಿ ನೋಡಿದರೂ ಒಂದೇ ರೀತಿ ಬದಲಾಗುತ್ತದೆ. ಗಾಜಿನದು ಹಾಗಲ್ಲ, ಪ್ರತಿ ಡಬ್ಬಕ್ಕೂ ಬೇರೆ.

ಡಿಎನ್‌ಎ ನೋಡುವ ಕೆಲಸ ಬಂದರೆ ನಾನು ಗಾಜನ್ನು ಬಿಟ್ಟೇ ಬಿಡುತ್ತೇನೆ. ಆಗ ಬೇಕಾಗುವುದು ಅಭ್ರಕ, ಅದೇ ಕಾಗೆಬಂಗಾರ. ಜಾರ್ಖಂಡಿನ ಕೋಡರ್ಮಾ, ಆಂಧ್ರದ ಗೂಡೂರು ಇದಕ್ಕೆ ಹೆಸರುವಾಸಿ. ಒಂದು ನ್ಯಾನೊಮೀಟರ್ ದಪ್ಪದ ಹಾಳೆಗಳು, ನಡುವೆ ಪೊಟ್ಯಾಸಿಯಂ. ದುಂಡಗಿನ ಅಭ್ರಕದ ಬಿಲ್ಲೆಯ ಮೇಲೆ ಸೆಲೊಟೇಪ್ ಒತ್ತಿ ಎಳೆದರೆ ಹಾಳೆ ಬಿಟ್ಟು ಬರುತ್ತದೆ. ಟೇಪಿನ ಮೇಲೆ ಪೂರ್ತಿ ವೃತ್ತ ಬಂದಿದೆಯಾ ಅಂತ ಬೆಳಕಿಗೆ ಹಿಡಿದು ನೋಡುತ್ತೇನೆ. ಅರ್ಧಚಂದ್ರ ಬಂದಿದ್ದರೆ ಮತ್ತೆ ಎಳೆಯಬೇಕು, ಯಾಕೆಂದರೆ ಅಂಚಿನಲ್ಲಿ ಮೆಟ್ಟಿಲುಗಳು ಉಳಿದಿರುತ್ತವೆ. ಪೂರ್ತಿ ಬಂದರೆ ಕೆಳಗಿರುವುದು ಈವರೆಗೆ ಯಾರೂ ಮುಟ್ಟದ ಮೇಲ್ಮೈ. ಅದಕ್ಕೆ ಹಳೇ ಕಥೆಯೇ ಇಲ್ಲ.

ನೀರಿಗೆ ಹಾಕಿದಾಗ ಪೊಟ್ಯಾಸಿಯಂ ಕರಗಿ ಹೋಗಿ ಮೇಲ್ಮೈ ಋಣ ವಿದ್ಯುತ್ತಿನದಾಗುತ್ತದೆ. ಡಿಎನ್‌ಎಯೂ ಋಣ, ಎರಡೂ ದೂರ ತಳ್ಳುತ್ತವೆ. ಸ್ವಲ್ಪ ಮೆಗ್ನೀಸಿಯಂ ಅಥವಾ ನಿಕ್ಕೆಲ್ ಉಪ್ಪು ಹಾಕಿದರೆ ನಡುವೆ ನಿಂತು ಎರಡನ್ನೂ ಹಿಡಿಯುತ್ತದೆ. ನಿಕ್ಕೆಲ್ ಹಾಕಿದರೆ ಎಳೆಗಳು ಬಿಗಿಯಾಗಿ ಅಂಟುತ್ತವೆ, ಮೆಗ್ನೀಸಿಯಂ ಹಾಕಿದರೆ ಸ್ವಲ್ಪ ಸಡಿಲ. ಚಿತ್ರ ಮಾತ್ರ ಬೇಕಿದ್ದರೆ ಮೊದಲನೆಯದು, ಎಳೆ ಅಲ್ಲಾಡುವುದನ್ನು ನೋಡಬೇಕಿದ್ದರೆ ಎರಡನೆಯದು.

ಎಳೆದ ಅಭ್ರಕವನ್ನು ಬೆಂಚಿನ ಮೇಲೆ ಬಿಟ್ಟು ಊಟಕ್ಕೆ ಹೋಗಬೇಡಿ. ಗಾಳಿಯ ತೇವ, ಜಿಡ್ಡು ಎಲ್ಲ ಬಂದು ಕೂರುತ್ತದೆ. ಸ್ಯಾಂಪಲ್ ರೆಡಿ ಇಟ್ಟುಕೊಂಡು ಆಮೇಲೆ ಟೇಪ್ ಎಳೆಯಿರಿ. ತೊಳೆದ ಗಾಜಿಗೂ ಇದೇ ಮಾತು. ಬೆಳಿಗ್ಗೆ ತೊಳೆದದ್ದಕ್ಕೆ ಮಧ್ಯಾಹ್ನದೊಳಗೆ ಓಟಿಎಸ್ ಆಗಿಬಿಡಬೇಕು. ಪದರ ಕೂತ ಮೇಲೆ ಅವಸರ ಇಲ್ಲ, ಒಂದಕ್ಕೊಂದು ತಾಗದ ಹಾಗೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಸಿಲಿಕಾ ಜೆಲ್ ಇರುವ ಡೆಸಿಕೇಟರಿನಲ್ಲಿ ಇಟ್ಟರೆ ವಾರಗಟ್ಟಲೆ ಚೆನ್ನಾಗಿಯೇ ಇರುತ್ತದೆ. ಡಬ್ಬದ ಮೇಲೆ ತಾರೀಖಿನ ಜೊತೆ ಅವತ್ತಿನ ತೇವಾಂಶವನ್ನೂ ಬರೆದಿಡುತ್ತೇನೆ.