ಸಣ್ಣ ಆಫೀಸಿಗೆ ಬಿಮ್ ಬಂದದ್ದು: ನನ್ನ ಅನುಭವ

ನಮ್ಮದು ಮೈಸೂರಿನ ಸಣ್ಣ ಆರ್ಕಿಟೆಕ್ಟ್ ಆಫೀಸು. ಬಹಳ ವರ್ಷ ಆಟೋಕ್ಯಾಡ್‌ನಲ್ಲೇ ಗೆರೆ ಎಳೆದು ಕೆಲಸ ಮಾಡಿದವರು. ಬಿಮ್ (ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್) ಅಂದರೆ ಬರೀ ಗೆರೆಯಲ್ಲ, ಕಟ್ಟಡದ ಭಾಗಗಳನ್ನು ಅಳತೆ, ವಿವರದ ಸಮೇತ ಕಂಪ್ಯೂಟರ್‌ನಲ್ಲಿ 3ಡಿ ಮಾಡೆಲ್ ಮಾಡುವುದು. ಅದಕ್ಕಿರುವ ಸಾಫ್ಟ್‌ವೇರ್ ರೆವಿಟ್ ತಗೊಂಡಾಗ ಎಲ್ಲ ಪ್ರಾಜೆಕ್ಟನ್ನೂ ಅದಕ್ಕೆ ತರಲು ಹೋಗಲಿಲ್ಲ. ಆಗ ತಾನೇ ಕೈಗೆ ಬಂದಿದ್ದ ಒಂದು ನರ್ಸಿಂಗ್ ಹೋಮ್ ಮಾತ್ರ ಆರಿಸಿಕೊಂಡೆವು. ಮನೆಗಾದರೆ ಬಿಮ್ ಇಲ್ಲದೆಯೂ ನಡೆಯುತ್ತದೆ. ಆಸ್ಪತ್ರೆಯಲ್ಲಿ ಹಾಗಲ್ಲ. ಎಸಿ ಡಕ್ಟ್, ಆಕ್ಸಿಜನ್ ಪೈಪು, ಸ್ಪ್ರಿಂಕ್ಲರ್, ಕೇಬಲ್ ಟ್ರೇ ಎಲ್ಲಕ್ಕೂ ಫಾಲ್ಸ್ ಸೀಲಿಂಗ್ ಮೇಲಿನ ಅದೇ ಜಾಗ ಬೇಕು.

ಸ್ಟ್ರಕ್ಚರಲ್ ಮತ್ತು ಎಂಇಪಿ (ಎಸಿ, ವಿದ್ಯುತ್, ಪ್ಲಂಬಿಂಗ್) ಕನ್ಸಲ್ಟೆಂಟ್‌ಗಳು ಡಿಡಬ್ಲ್ಯುಜಿ, ಅಂದರೆ ಆಟೋಕ್ಯಾಡ್ ಡ್ರಾಯಿಂಗ್ ಫೈಲು ಕಳಿಸುವವರು. ನೀವೂ ಮಾಡೆಲ್ ಕೊಡಿ ಅಂತ ಹಟ ಹಿಡಿದಿದ್ದರೆ ಕೆಲಸ ಅಲ್ಲೇ ನಿಲ್ಲುತ್ತಿತ್ತು. ಅವರ ಡ್ರಾಯಿಂಗ್ ನೋಡಿಕೊಂಡು ಬೀಮ್, ಕಾಲಮ್, ಡಕ್ಟ್ ಎಲ್ಲ ನಾವೇ ಮಾಡೆಲ್ ಮಾಡಿದೆವು. ಈ ಕೆಲಸಕ್ಕೆ ಯಾರೂ ಫೀ ಕೊಡುವುದಿಲ್ಲ, ಅದು ಬೇರೆ ಮಾತು.

ಪ್ಲಾನ್‌ನಲ್ಲಿ ಬೀಮ್ ಅಂದರೆ ಎರಡು ಚುಕ್ಕೆಗೆರೆ, ಪಕ್ಕದಲ್ಲಿ 230x600 (ಅಗಲ, ಆಳ ಮಿ.ಮೀ.ನಲ್ಲಿ) ಅಂತ ಬರಹ. ಸೆಕ್ಷನ್ (ಕಟ್ಟಡವನ್ನು ನೇರ ಕತ್ತರಿಸಿದಂತೆ ತೋರಿಸುವ ಚಿತ್ರ) ತೆಗೆದಾಗಲೇ ಅದರ ಆಳ ಕಣ್ಣಿಗೆ ಕಾಣೋದು. ಬೀಮ್ ತಳದಿಂದ ಫಾಲ್ಸ್ ಸೀಲಿಂಗ್‌ಗೆ ಉಳಿದದ್ದು 300 ಮಿ.ಮೀ. ಡಕ್ಟಿನ ಎತ್ತರವೇ 350, ಅದರ ಮೇಲೆ ಇನ್ಸುಲೇಶನ್. ಹಿಂದಾಗಿದ್ದರೆ ಇದು ಸೈಟ್‌ನಲ್ಲಿ, ಡಕ್ಟ್ ಫಿಟ್ಟರ್ ಏಣಿ ಹತ್ತಿದ ಮೇಲೆ ಗೊತ್ತಾಗುತ್ತಿತ್ತು. ಈಗ ಎಲ್ಲರನ್ನೂ ಒಂದೇ ಸ್ಕ್ರೀನ್ ಮುಂದೆ ಕೂರಿಸಿ ತೋರಿಸಿದೆವು. ದೊಡ್ಡ ಡಕ್ಟನ್ನು ಕಾರಿಡಾರ್‌ಗೆ ಸರಿಸಿ, ಅಲ್ಲಿನ ಸೀಲಿಂಗ್ ಮಾತ್ರ ತಗ್ಗಿಸಿದೆವು. ಸ್ಲ್ಯಾಬ್ ಹಾಕುವ ಮೊದಲೇ ತೀರ್ಮಾನವಾಯಿತು.

ಕ್ವಾಂಟಿಟಿ ವಿಷಯದಲ್ಲಿ ಮಾತ್ರ ಹುಷಾರಾಗಿರಬೇಕು. ಮಾಡೆಲ್ ಕೊಡುವ ಲೆಕ್ಕಕ್ಕೂ ಕಂಟ್ರಾಕ್ಟರ್ ಬಿಲ್ಲಿಗೂ ತಾಳೆಯಾಗಲ್ಲ. ನಮ್ಮಲ್ಲಿ ಅಳತೆ ಐಎಸ್ 1200 ಪ್ರಕಾರ, ಅಂದರೆ ಕಟ್ಟಡ ಕೆಲಸವನ್ನು ಅಳೆಯುವ ಭಾರತೀಯ ಮಾನದಂಡದ ಪ್ರಕಾರ. ಪ್ಲಾಸ್ಟರಿಂಗ್‌ನಲ್ಲಿ 0.5 ಚದರ ಮೀಟರ್ ತನಕದ ತೆರೆದ ಜಾಗವನ್ನು ಕಳೆಯುವಂತಿಲ್ಲ. ಅಲ್ಲಿಂದ 3 ಚದರ ಮೀಟರ್ ತನಕ ಎರಡೂ ಮುಖಕ್ಕೆ ಒಂದೇ ಪ್ಲಾಸ್ಟರ್ ಇದ್ದರೆ ಗೋಡೆಯ ಒಂದು ಮುಖಕ್ಕೆ ಮಾತ್ರ ಕಳೆಯಬೇಕು. 1.2 ಮೀಟರ್ ಚೌಕದ ಕಿಟಕಿ ಇದರಲ್ಲೇ ಬರುತ್ತದೆ. ರೆವಿಟ್‌ಗೆ ಈ ನಿಯಮ ಏನು ಗೊತ್ತು? ಗೋಡೆಯ ಎರಡೂ ಕಡೆ ನಿಜವಾಗಿ ಇರುವಷ್ಟೇ ಕೊಡುತ್ತದೆ. ಹಾಗಾಗಿ ಬಾಗಿಲು, ಕಿಟಕಿಗಳ ಷೆಡ್ಯೂಲ್ ಎಕ್ಸೆಲ್‌ಗೆ ತಂದು, ಕಳೆಯುವ ಲೆಕ್ಕ ಅಲ್ಲಿ ಮಾಡುತ್ತೇವೆ. ಕಬ್ಬಿಣದ ಲೆಕ್ಕಕ್ಕೆ ಹಳೆಯ ಬಾರ್ ಬೆಂಡಿಂಗ್ ಷೆಡ್ಯೂಲೇ (ಸರಳುಗಳ ಅಳತೆ, ಬಾಗು, ಸಂಖ್ಯೆಯ ಪಟ್ಟಿ) ಸಾಕು. ಸರಳುಗಳನ್ನು ಮಾಡೆಲ್ ಮಾಡಲು ಹೋಗಲಿಲ್ಲ.

ಸಾಫ್ಟ್‌ವೇರ್ ಕಲಿಯುವುದು ಅಷ್ಟೇನೂ ಕಷ್ಟವಲ್ಲ. ಜಾಸ್ತಿ ತೊಂದರೆ ಕೊಟ್ಟದ್ದು ಫೀ ಕಂತುಗಳು. ಮೊದಲೆಲ್ಲ ವರ್ಕಿಂಗ್ ಡ್ರಾಯಿಂಗ್ ಹೊತ್ತಿಗೆ ಬೀಳುತ್ತಿದ್ದ ಕೆಲಸದ ಹೊರೆ ಈಗ ಡಿಸೈನ್ ಹಂತಕ್ಕೇ ಬಂತು. ದುಡ್ಡು ಮಾತ್ರ ಹಳೇ ಲೆಕ್ಕದಲ್ಲೇ ಬರುತ್ತಿತ್ತು. ಸಂಬಳ ಕೊಡೋದು ಹೇಗೆ, ಹೇಳಿ? ಮುಂದಿನ ಅಗ್ರಿಮೆಂಟ್‌ಗಳಲ್ಲಿ ಡಿಸೈನ್ ಹಂತದ ಪಾಲು ಹೆಚ್ಚಿಸಿದೆವು. ಕೆಲವು ಕ್ಲೈಂಟ್‌ಗಳು ಕೊಸರಾಡಿದರು. ಡಕ್ಟ್ ಸೆಕ್ಷನ್ ತೋರಿಸಿದ ಮೇಲೆ ಒಪ್ಪಿದವರೂ ಇದ್ದಾರೆ. ಫೀ ಮಾತು ಮೊದಲೇ ಆಡದೆ ರೆವಿಟ್ ಲೈಸೆನ್ಸ್‌ಗೆ ದುಡ್ಡು ಹಾಕಬೇಡಿ.

ಇನ್ನೊಂದು, ಸುಮ್ನೆ ಅಪ್‌ಡೇಟ್ ಒತ್ತಬೇಡಿ. ಹೊಸ ವರ್ಶನ್‌ನಲ್ಲಿ ಸೇವ್ ಮಾಡಿದ ರೆವಿಟ್ ಫೈಲು ಹಳೇದರಲ್ಲಿ ತೆರೆಯುವುದಿಲ್ಲ. ಯಾವ ವರ್ಶನ್ ಅಂತ ಎಲ್ಲರೂ ಮೊದಲೇ ಒಪ್ಪಿಕೊಂಡು, ಪ್ರಾಜೆಕ್ಟ್ ಮುಗಿಯುವ ತನಕ ಅದನ್ನೇ ಬಳಸುತ್ತೇವೆ.

ಸೈಟ್ ಎಂಜಿನಿಯರ್ ಟ್ಯಾಬ್‌ನಲ್ಲಿ ಮಾಡೆಲ್ ತಿರುಗಿಸಿ ನೋಡುತ್ತಾರೆ. ಮೇಸ್ತ್ರಿಗೆ ಬೇಕಾದದ್ದು ಎ3 ಹಾಳೆ. ಅದರ ಮೂಲೆಯಲ್ಲಿ ಆ ಭಾಗದ ಒಂದು ಪುಟ್ಟ 3ಡಿ ಚಿತ್ರ ಹಾಕಿ ಕೊಡುತ್ತೇವೆ. ಮೆಟ್ಟಿಲಿನ ವೇಸ್ಟ್ ಸ್ಲ್ಯಾಬ್ (waist slab, ಮೆಟ್ಟಿಲುಗಳ ಕೆಳಗಿನ ಓರೆ ಸ್ಲ್ಯಾಬ್) ತಿರುಗುವ ಕಡೆ ಅದು ತುಂಬಾ ಉಪಯೋಗಕ್ಕೆ ಬಂತು. ಫೋನ್ ಕರೆಗಳೂ ಕಡಿಮೆಯಾದವು.