ಕಚೇರಿಯ ನೆಟ್‌ವರ್ಕ್‌ನಲ್ಲಿ ಟೊರೆಂಟ್ ತಡೆಯುವ ಫೈರ್‌ವಾಲ್ ನಿಯಮಗಳು

ಟೊರೆಂಟ್ (ಬಳಕೆದಾರರ ಕಂಪ್ಯೂಟರ್‌ಗಳ ನಡುವೆ ನೇರವಾಗಿ ಫೈಲ್ ಹಂಚುವ ವಿಧಾನ) ನಿಲ್ಲಿಸಲು 6881ರಿಂದ 6889ರವರೆಗಿನ ಪೋರ್ಟ್‌ಗಳನ್ನು (ದತ್ತಾಂಶ ಸಾಗುವ, ಸಂಖ್ಯೆ ಹೊತ್ತ ಬಾಗಿಲುಗಳನ್ನು) ಮುಚ್ಚಿದರೆ ಸಾಕು ಎಂಬ ಸಲಹೆ ಇಂದಿಗೂ ಚಲಾವಣೆಯಲ್ಲಿದೆ. ಟೊರೆಂಟ್‌ನ ಪ್ರೊಟೊಕಾಲ್ ಆದ ಬಿಟ್‌ಟೊರೆಂಟ್‌ನ ಆರಂಭದ ದಿನಗಳಿಗೆ ಅದು ಸರಿಯಾಗಿತ್ತು. ಈಗಿನ ಕ್ಲೈಂಟ್‌ಗಳು (ಟೊರೆಂಟ್ ಆ್ಯಪ್‌ಗಳು) ತಮಗೆ ತೋಚಿದ ಪೋರ್ಟ್ ಆರಿಸಿಕೊಳ್ಳುತ್ತವೆ, ಟಿಸಿಪಿಯ ಜೊತೆಗೆ ಯುಡಿಪಿಯನ್ನೂ (ಇವು ದತ್ತಾಂಶ ಸಾಗಿಸುವ ಎರಡು ವಿಧಾನಗಳು) ಬಳಸುತ್ತವೆ, ಯುಪಿಎನ್‌ಪಿ ಚಾಲನೆಯಲ್ಲಿದ್ದರೆ ಹೊರಗಿನಿಂದ ಒಳಬರುವ ದಾರಿಯನ್ನೂ ತಾವೇ ತೆರೆದುಕೊಳ್ಳುತ್ತವೆ. ಆದ್ದರಿಂದ ಬೇಡದ್ದನ್ನು ಬೆನ್ನಟ್ಟುವುದನ್ನು ಬಿಟ್ಟು, ಬೇಕಾದ್ದನ್ನು ಮಾತ್ರ ತೆರೆದು ಉಳಿದೆಲ್ಲವನ್ನೂ ಮುಚ್ಚಬೇಕು. ಇಲ್ಲಿನ ವಿವರಣೆ ಪಿಎಫ್‌ಸೆನ್ಸ್ ಎಂಬ ಫೈರ್‌ವಾಲ್ ತಂತ್ರಾಂಶ ಬಳಸುವ ಸಣ್ಣ ಕಚೇರಿಗೆ ಹೊಂದುತ್ತದೆ. ಬೇರೆ ಫೈರ್‌ವಾಲ್‌ಗಳಲ್ಲಿ ಮೆನುವಿನ ಹೆಸರುಗಳು ಬದಲಾದರೂ ತರ್ಕ ಇದೇ.

ಮೊದಲು ಲ್ಯಾನ್‌ನ (ಕಚೇರಿಯ ಒಳ ನೆಟ್‌ವರ್ಕ್‌ನ) ‘ಎಲ್ಲಕ್ಕೂ ಅನುಮತಿ’ ನಿಯಮದಲ್ಲಿ ಲಾಗಿಂಗ್ ಚಾಲೂ ಮಾಡಿ, ಒಂದು ಪೂರ್ತಿ ಕೆಲಸದ ದಿನ ಹಾಗೆಯೇ ಬಿಡಿ. ಲಾಗ್‌ನಲ್ಲಿ ಸಾಮಾನ್ಯ ಬ್ರೌಸಿಂಗ್‌ನ ಸಾಲುಗಳು ಹೆಚ್ಚಾಗಿ ಪೋರ್ಟ್ 443ರಲ್ಲಿ ಕೊನೆಗೊಳ್ಳುತ್ತವೆ. ಆದರೆ 192.168.1.47ರಂಥ ಒಂದೇ ವಿಳಾಸ ಒಂದೇ ನಿಮಿಷದಲ್ಲಿ ಪರಸ್ಪರ ಸಂಬಂಧವಿಲ್ಲದ ಹತ್ತಾರು ವಿಳಾಸಗಳಿಗೆ, ಪ್ರತಿ ಸಲವೂ ಬೇರೆ ಬೇರೆ ದೊಡ್ಡ ಸಂಖ್ಯೆಯ ಯುಡಿಪಿ ಪೋರ್ಟ್‌ಗಳಿಗೆ ಪ್ಯಾಕೆಟ್ ಕಳಿಸುತ್ತಿದ್ದರೆ, ಅಲ್ಲಿ ಟೊರೆಂಟ್ ಇರುವ ಸಾಧ್ಯತೆ ಹೆಚ್ಚು.

ಲಾಗ್ ನೋಡಿ ಅಗತ್ಯ ಪೋರ್ಟ್‌ಗಳ ಏಲಿಯಾಸ್ (ಹೆಸರಿಟ್ಟ ಪಟ್ಟಿ) ಸಿದ್ಧಪಡಿಸಿ: ವೆಬ್‌ಗೆ ಟಿಸಿಪಿ 80 ಮತ್ತು 443, ಮೇಲ್‌ಗೆ 465, 587 ಮತ್ತು 993, ಗಡಿಯಾರ ಹೊಂದಿಸಲು ಯುಡಿಪಿ 123, ಗೂಗಲ್ ಮೀಟ್‌ನಂಥ ಕರೆಗಳಿಗೆ ಯುಡಿಪಿ 3478. ಪೋರ್ಟ್ 25 ಈ ಪಟ್ಟಿಗೆ ಸೇರಬಾರದು. ಅದು ಮೇಲ್ ಸರ್ವರ್‌ಗಳ ನಡುವಿನ ದಾರಿ, ಮೇಜಿನ ಮೇಲಿನ ಕಂಪ್ಯೂಟರ್ ಅದನ್ನು ಬಳಸುತ್ತಿದ್ದರೆ ಸ್ಪ್ಯಾಮ್ ಕಳಿಸುವ ಮಾಲ್‌ವೇರ್ ಹೊಕ್ಕಿದೆಯೇ ಎಂದು ಪರಿಶೀಲಿಸುವುದು ಒಳಿತು.

ನಿಯಮಗಳ ಕ್ರಮದಲ್ಲಿಯೇ ಬಹಳಷ್ಟು ಜನ ಎಡವುತ್ತಾರೆ. ಪಿಎಫ್‌ಸೆನ್ಸ್ ಲ್ಯಾನ್ ಪುಟದ ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಓದಿ, ಮೊದಲು ಹೊಂದಿದ ನಿಯಮವನ್ನು ಅನ್ವಯಿಸಿ ಅಲ್ಲಿಗೇ ನಿಲ್ಲುತ್ತದೆ. ಹೀಗಾಗಿ ಫೈರ್‌ವಾಲ್‌ನದೇ ಡಿಎನ್‌ಎಸ್‌ಗೆ (ಜಾಲತಾಣದ ಹೆಸರಿನಿಂದ ಐಪಿ ವಿಳಾಸ ಹುಡುಕಿಕೊಡುವ ಸೇವೆ, ಪೋರ್ಟ್ 53) ಅನುಮತಿ ಮೇಲಿರಲಿ, ಅದರ ಕೆಳಗೆ ಏಲಿಯಾಸ್‌ನ ಅನುಮತಿಗಳು, ಕಟ್ಟಕಡೆಗೆ ಎಲ್ಲವನ್ನೂ ನಿರಾಕರಿಸಿ ಲಾಗ್ ಮಾಡುವ ನಿಯಮ ಬರಲಿ. ಆ ಕೊನೆಯ ನಿಯಮದಲ್ಲಿ ‘ಬ್ಲಾಕ್’ ಬದಲು ‘ರಿಜೆಕ್ಟ್’ ಆರಿಸಿ: ಬ್ಲಾಕ್ ಪ್ಯಾಕೆಟ್ಟನ್ನು ಸದ್ದಿಲ್ಲದೆ ನುಂಗುವುದರಿಂದ ಆ್ಯಪ್ ಉತ್ತರಕ್ಕಾಗಿ ಕಾಯುತ್ತ ಕೂರುತ್ತದೆ, ನಿಮಗೆ ‘ನೆಟ್ ಸ್ಲೋ’ ಎಂಬ ದೂರು ಬರುತ್ತದೆ. ಇಷ್ಟಾದ ಮೇಲೆ ಹಳೆಯ ‘ಎಲ್ಲಕ್ಕೂ ಅನುಮತಿ’ ನಿಯಮವನ್ನು ನಿಷ್ಕ್ರಿಯಗೊಳಿಸಿ. ಹೊಸ ವಿಳಾಸ ಪದ್ಧತಿಯಾದ ಐಪಿವಿ6ಗೆ ಅಂಥದೇ ಪ್ರತ್ಯೇಕ ನಿಯಮವಿರುತ್ತದೆ. ಅದನ್ನು ಮರೆತರೆ ಉಳಿದ ಶ್ರಮವೆಲ್ಲ ನೀರಿನಲ್ಲಿ ಹೋಮ.

ಹೊಸ ನಿಯಮಗಳು ಹೊಸ ಸಂಪರ್ಕಗಳಿಗೆ ಮಾತ್ರ ಅನ್ವಯಿಸುವುದರಿಂದ, ಆಗಲೇ ನಡೆಯುತ್ತಿರುವ ಡೌನ್‌ಲೋಡ್ ಮುಂದುವರಿಯುತ್ತದೆ. ಡಯಾಗ್ನೋಸ್ಟಿಕ್ಸ್ ಮೆನುವಿನಲ್ಲಿ ಸ್ಟೇಟ್ಸ್ (ಈಗ ತೆರೆದಿರುವ ಸಂಪರ್ಕಗಳ ಪಟ್ಟಿ) ರೀಸೆಟ್ ಮಾಡಿ. ಎಲ್ಲರ ಸಂಪರ್ಕವೂ ಕ್ಷಣಕಾಲ ಕಡಿಯುವುದರಿಂದ ಊಟದ ವಿರಾಮ ಇದಕ್ಕೆ ತಕ್ಕ ಸಮಯ. ಯುಪಿಎನ್‌ಪಿಯನ್ನೂ ಆಗಲೇ ನಿಷ್ಕ್ರಿಯಗೊಳಿಸಿ.

ಇಷ್ಟರಿಂದ ಸಾಧಾರಣ ಟೊರೆಂಟ್ ಬಳಕೆ ಬಹುಮಟ್ಟಿಗೆ ನಿಲ್ಲುತ್ತದೆ, ಪೂರ್ತಿಯಾಗಿ ಅಲ್ಲ. ತೆರೆದಿಟ್ಟ 443ರ ಮೂಲಕ ವಿಪಿಎನ್ ನುಸುಳಬಹುದು, ಟೊರೆಂಟ್ ಕೂಡ ನುಸುಳಬಹುದು. ಗೂಢಲಿಪೀಕರಣವಿಲ್ಲದ ಬಿಟ್‌ಟೊರೆಂಟ್ ಸಂಪರ್ಕ 19 ಎಂಬ ಬೈಟ್ ಮತ್ತು ಪ್ರೊಟೊಕಾಲ್‌ನ 19 ಅಕ್ಷರಗಳ ಹೆಸರಿನಿಂದ ಆರಂಭವಾಗುವುದರಿಂದ ಸುರಿಕಾಟಾ, ಸ್ನಾರ್ಟ್‌ಗಳಂಥ ತಪಾಸಣಾ ಸಾಧನಗಳು ಅದನ್ನು ಸುಲಭವಾಗಿ ಗುರುತಿಸುತ್ತವೆ. ಗೂಢಲಿಪೀಕರಣ ಚಾಲೂ ಆದೊಡನೆ ಈ ಗುರುತು ಮರೆಯಾಗುತ್ತದೆ. ಯುಡಿಪಿ 443 ಮುಚ್ಚಿಯೇ ಇರಲಿ. 2021ರಲ್ಲಿ ಪ್ರಮಾಣಿತವಾದ ಕ್ವಿಕ್ (ಯುಡಿಪಿ ಮೇಲೆ ನಡೆಯುವ ಪ್ರೊಟೊಕಾಲ್) ಬಳಸುವ ಬ್ರೌಸರ್‌ಗಳು ಅದು ಸಿಗದಿದ್ದರೆ ಟಿಸಿಪಿಗೆ ಮರಳುತ್ತವೆ. ನುಸುಳಿದ್ದಕ್ಕೆ ನನ್ನ ಮಟ್ಟಿಗೆ ಉತ್ತಮ ಮದ್ದು ಲಿಮಿಟರ್: ಪ್ರತಿ ಐಪಿ ವಿಳಾಸಕ್ಕೂ ವೇಗದ ಮಿತಿ ಹಾಕಿದರೆ ಒಬ್ಬರ ಡೌನ್‌ಲೋಡ್ ಇಡೀ ಕಚೇರಿಯ ಲೈನನ್ನು ಕಬಳಿಸಲಾರದು.