ಬ್ರಿಟನ್ನಿನಲ್ಲಿ ಹಳೇ ಫೋರ್ ವೀಲ್ ಡ್ರೈವ್ ಕೊಳ್ಳುವ ಮುನ್ನ

ಬ್ರಿಟನ್ನಿನಲ್ಲಿ ಮಾರಾಟಕ್ಕಿರುವ ಹಳೇ ಗಾಡಿಯ ಜಾತಕ ಪುಕ್ಕಟೆ ಸಿಗುತ್ತದೆ. ಮೂರು ವರ್ಷ ತುಂಬಿದ ಕಾರು ಇಲ್ಲಿ ವರ್ಷಕ್ಕೊಮ್ಮೆ ಎಂಒಟಿ ಎಂಬ, ಗಾಡಿ ರಸ್ತೆಗೆ ಯೋಗ್ಯವೇ ಎಂದು ನೋಡುವ ಪರೀಕ್ಷೆಗೆ ಹೋಗಲೇಬೇಕು. ಸರ್ಕಾರದ ಜಾಲತಾಣದಲ್ಲಿ ಗಾಡಿಯ ನಂಬರ್ ಹಾಕಿದರೆ 2005ರಿಂದ ಈಚಿನ ಫಲಿತಾಂಶಗಳೆಲ್ಲ ತೆರೆದುಕೊಳ್ಳುತ್ತವೆ: ಯಾವ ವರ್ಷ ಎಷ್ಟು ಮೈಲಿ ಓಡಿತ್ತು, ಯಾವುದಕ್ಕೆ ಫೇಲಾಯಿತು, ಪಾಸಾದರೂ ಪರೀಕ್ಷಕರು ಏನೆಂದು ಎಚ್ಚರಿಸಿದರು. ಈ ಎಚ್ಚರಿಕೆಗಳಿಗೆ ಅಡ್ವೈಸರಿ ಎನ್ನುತ್ತಾರೆ. ಜಾಹೀರಾತಿನ ಫೋಟೋಗಿಂತ ಮೊದಲು ಓದಬೇಕಾದ್ದು ಇದನ್ನು. ಚಾಸಿಗೆ, ಅಂದರೆ ಗಾಡಿಯ ಅಡಿಚೌಕಟ್ಟಿಗೆ, ತುಕ್ಕು ಎಂಬ ಸಾಲು ಮೂರು ವರ್ಷ ಸತತವಾಗಿ ಬಂದು, ನಾಲ್ಕನೆಯ ವರ್ಷ ಸದ್ದಿಲ್ಲದೆ ಮಾಯವಾಗಿದ್ದರೆ ಮುಖ್ಯವಾಗಿ ಎರಡು ಸಾಧ್ಯತೆ. ಯಾರೋ ಸರಿಯಾಗಿ ವೆಲ್ಡಿಂಗ್ ಮಾಡಿಸಿದ್ದಾರೆ, ಇಲ್ಲವೇ ಮೇಲೆ ಕಪ್ಪು ಬಳಿದಿದ್ದಾರೆ. ವೆಲ್ಡಿಂಗ್ ಬಿಲ್ ತೋರಿಸಿ ಎಂದು ಕೇಳಿ. ಮೈಲಿ ಲೆಕ್ಕ ಒಂದು ವರ್ಷ ಹಿಂದಕ್ಕೆ ಹೋಗಿದ್ದರೆ ಆ ಗಾಡಿಯನ್ನು ಅಲ್ಲಿಗೇ ಬಿಡಿ.

ಎಂಒಟಿ ಪಾಸಾಗಿದೆ ಎಂದರೆ ಗಾಡಿ ಗಟ್ಟಿಯಿದೆ ಎಂದಲ್ಲ. ಎಂಜಿನ್, ಕ್ಲಚ್, ಗೇರ್‌ಬಾಕ್ಸ್‌ಗಳ ಸ್ಥಿತಿ ಆ ಪರೀಕ್ಷೆಯ ವ್ಯಾಪ್ತಿಗೇ ಬರುವುದಿಲ್ಲ. ಫೋರ್ ವೀಲ್ ಡ್ರೈವ್‌ನಲ್ಲಿ, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಗಾಡಿಯಲ್ಲಿ, ದುಬಾರಿಯಾಗಿ ಕೆಡುವುದು ಇವೇ.

ಹೆಸರು ಒಂದೇ ಆದರೂ ಫೋರ್ ವೀಲ್ ಗಾಡಿಗಳಲ್ಲಿ ಬಗೆ ಬೇರೆ ಬೇರೆ. ಸುಜುಕಿ ಜಿಮ್ನಿ, ಟೊಯೋಟ ಹೈಲಕ್ಸ್‌ನಂಥವು ನಮ್ಮ ಮಲೆನಾಡು, ಕೊಡಗಿನ ತೋಟದ ಜೀಪುಗಳ ಕುಲಕ್ಕೆ ಸೇರಿದವು. ಮಾಮೂಲಿಯಾಗಿ ಹಿಂದಿನ ಎರಡು ಚಕ್ರ ಎಳೆಯುತ್ತವೆ, ಬೇಕೆಂದಾಗ ನಾವೇ ಫೋರ್ ವೀಲ್ ಹಾಕಬೇಕು, ಕಡಿದಾದ ಏರಿಗೆ ಲೋ ಗೇರ್ ಇರುತ್ತದೆ. ಒಣ ಟಾರು ರಸ್ತೆಯಲ್ಲಿ ಇವನ್ನು ಫೋರ್ ವೀಲ್‌ನಲ್ಲಿ ಓಡಿಸಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸುತ್ತುತ್ತವೆ. ಆ ವ್ಯತ್ಯಾಸ ನುಂಗುವ ಡಿಫರೆನ್ಶಿಯಲ್ ನಡುವೆ ಇಲ್ಲದ್ದರಿಂದ ಬಿಗಿತವೆಲ್ಲ ಗೇರು, ಶಾಫ್ಟುಗಳ ಮೇಲೆ ಬೀಳುತ್ತದೆ. ಕೆಸರಲ್ಲಿ, ಹಿಮದಲ್ಲಿ ಟೈರು ಜಾರಿ ಬಿಗಿತ ಸಡಿಲವಾಗುತ್ತದೆ, ಹಾಗಾಗಿ ಅಲ್ಲಿ ತೊಂದರೆಯಿಲ್ಲ. ಲ್ಯಾಂಡ್ ರೋವರ್ ಡಿಸ್ಕವರಿಯಲ್ಲಿ ನಡುವೆಯೂ ಡಿಫರೆನ್ಶಿಯಲ್ ಇದೆ, ನಾಲ್ಕೂ ಚಕ್ರ ಸದಾ ಎಳೆಯುತ್ತಿರುತ್ತವೆ. ಸ್ಕೋಡಾ ಯೇಟಿ 4x4ನಂಥ ಮೂರನೆಯ ಬಗೆಯಲ್ಲಿ ಮುಂದಿನ ಚಕ್ರ ಜಾರಿದಾಗ ಹ್ಯಾಲ್ಡೆಕ್ಸ್ ಎಂಬ ಎಣ್ಣೆ ತುಂಬಿದ ಕ್ಲಚ್ ಹಿಂದಿನ ಚಕ್ರಕ್ಕೂ ಬಲ ಕಳಿಸುತ್ತದೆ.

ದಿನವೂ ಕೆಲಸಕ್ಕೆ ಹೋಗಿಬರಲು, ವಾರಕ್ಕೊಮ್ಮೆ ಜಲ್ಲಿಕಲ್ಲಿನ ದಾರಿ ಹತ್ತಲು, ವರ್ಷಕ್ಕೆ ನಾಲ್ಕು ದಿನದ ಹಿಮಕ್ಕೆ ಈ ಮೂರನೆಯದೇ ಧಾರಾಳ ಸಾಕು. ಲೋ ಗೇರ್ ನಿಜವಾಗಿ ಬೇಕಾಗುವುದು ಗದ್ದೆಯಿಂದ ಟ್ರೇಲರ್ ಎಳೆಯುವವರಿಗೆ. ಹಿಮದಲ್ಲಿ ನಾಲ್ಕು ಚಕ್ರದ ಬಲ ಹೊರಡಲು ನೆರವಾಗುತ್ತದೆ, ನಿಲ್ಲಲು ಅಲ್ಲ. ಬ್ರೇಕ್ ಹಿಡಿಯುವುದು ಟೈರಿನಿಂದ. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಗುರುತಿರುವ ಆಲ್ ಸೀಸನ್ ಟೈರಿಗೆ ಮೊದಲೇ ದುಡ್ಡು ಎತ್ತಿಡಿ.

ಡೀಸೆಲ್ಲೋ ಪೆಟ್ರೋಲೋ ಎಂಬುದನ್ನು ದಿನದ ಓಡಾಟವೇ ನಿರ್ಧರಿಸಲಿ. ಹೊಸ ಡೀಸೆಲ್ ಗಾಡಿಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಅದು ಬಿಸಿಯಾಗಿ ಮಸಿಯನ್ನು ಸುಟ್ಟುಕೊಳ್ಳಬೇಕಾದರೆ ಗಾಡಿ ಆಗಾಗ ಹದಿನೈದು ನಿಮಿಷವಾದರೂ ಒಂದೇ ಸಮನೆ ಹೈವೇ ವೇಗದಲ್ಲಿ ಓಡಬೇಕು. ಮಕ್ಕಳನ್ನು ಎರಡು ಮೈಲಿ ದೂರದ ಶಾಲೆಗೆ ಬಿಟ್ಟು ಬರುವುದೇ ಮುಖ್ಯ ಕೆಲಸವಾದರೆ ಅದು ಕಟ್ಟಿಕೊಳ್ಳುತ್ತದೆ, ಪೆಟ್ರೋಲ್ ಗಾಡಿಯೇ ಲೇಸು. ಹಿಂದಿನ ಮಾಲೀಕ ಫಿಲ್ಟರನ್ನೇ ಕಿತ್ತು ಹಾಕಿದ್ದರೆ 2014ರ ಫೆಬ್ರುವರಿಯಿಂದ ಅದು ಎಂಒಟಿಯಲ್ಲಿ ನೇರವಾಗಿ ಫೇಲ್.

ನೋಂದಣಿಯ ತಾರೀಕು ಕೂಡ ದುಡ್ಡಿನ ವಿಷಯ. ಕರ್ನಾಟಕದಂತೆ ಇಲ್ಲಿ ಜೀವಾವಧಿ ತೆರಿಗೆ ಇಲ್ಲ, ಪ್ರತಿವರ್ಷ ಕಟ್ಟಬೇಕು. 2001ರ ಮಾರ್ಚ್‌ನಿಂದ 2017ರ ಮಾರ್ಚ್‌ವರೆಗೆ ನೋಂದಣಿಯಾದ ಕಾರಿಗೆ ಇಂಗಾಲದ ಹೊಗೆಯ ಲೆಕ್ಕದಲ್ಲಿ ತೆರಿಗೆ. ಡಿಸ್ಕವರಿ 3ರಂಥ, ಕಿಲೋಮೀಟರಿಗೆ 225 ಗ್ರಾಂ ಮೀರಿ ಉಗುಳುವ ಗಾಡಿ 2006ರ ಮಾರ್ಚ್ 23ಕ್ಕೆ ಮೊದಲು ನೋಂದಣಿಯಾಗಿದ್ದರೆ ತೆರಿಗೆಗೆ ಮಿತಿಯುಂಟು. ಆ ದಿನ ಅಥವಾ ನಂತರದ್ದಾದರೆ ಅದೇ ಮಾದರಿಗೆ ವರ್ಷಕ್ಕೆ 700 ಪೌಂಡ್ ಮೀರುತ್ತದೆ, ಸುಮಾರು 300 ಪೌಂಡಿನ ವ್ಯತ್ಯಾಸ. ಲಂಡನ್ನಿಗೆ ಹೋಗಿಬರುವ ಅಭ್ಯಾಸವಿದ್ದರೆ ಇಂಥ ಹಳೇ ಡೀಸೆಲ್ ಬೇಡ. 2023ರ ಆಗಸ್ಟ್ 29ರಿಂದ ಇಡೀ ಮಹಾನಗರವೇ ಹೆಚ್ಚು ಹೊಗೆಯುಗುಳುವ ಗಾಡಿಗೆ ಶುಲ್ಕ ಹಾಕುವ ಯುಲೆಜ್ ವಲಯ. ಹೊಗೆಯ ಮಾನದಂಡದಲ್ಲಿ ಯೂರೋ 6 ತಲುಪದ ಡೀಸೆಲ್, ಯೂರೋ 4 ತಲುಪದ ಪೆಟ್ರೋಲ್ ಗಾಡಿಗೆ ದಿನಕ್ಕೆ 12.50 ಪೌಂಡ್ ಶುಲ್ಕ.

ಲೈಸೆನ್ಸಿನ ಮಾತು. ಭಾರತದ ಲೈಸೆನ್ಸಿನಲ್ಲಿ ಇಲ್ಲಿ ನೆಲೆಸಿದ ದಿನದಿಂದ ಹನ್ನೆರಡು ತಿಂಗಳು ಓಡಿಸಬಹುದು. ಆಮೇಲೆ ಥಿಯರಿ, ರಸ್ತೆ ಪರೀಕ್ಷೆ ಎರಡೂ ಪಾಸಾಗಬೇಕು, ಬದಲಿಸಿಕೊಡುವ ಏರ್ಪಾಡು ಭಾರತಕ್ಕಿಲ್ಲ. ಆಟೊಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಕೊಟ್ಟರೆ ಗೇರ್ ಗಾಡಿ ಓಡಿಸುವಂತಿಲ್ಲ. ಅಗ್ಗದ ಹಳೇ ಫೋರ್ ವೀಲ್‌ಗಳಲ್ಲಿ ಬಹುಪಾಲು ಗೇರ್ ಗಾಡಿಗಳೇ, ಆದ್ದರಿಂದ ಇದನ್ನು ಮೊದಲೇ ಯೋಚಿಸಿ. ವಿಮೆಯ ದರವನ್ನೂ ಅದೇ ನಂಬರ್ ಹಾಕಿ ಮೊದಲೇ ಕೇಳಿ. ಭಾರತದ ಲೈಸೆನ್ಸಿಗೆ ಪ್ರೀಮಿಯಂ ಹೆಚ್ಚಿರುತ್ತದೆ.

ನೋಡಲು ಹೋಗುವಾಗ ಹಗಲಿರಲಿ, ಮಳೆ ಬೇಡ. ಒಂದು ಟಾರ್ಚ್, ಹಳೇ ಚಾಪೆ, ಸ್ಕ್ರೂಡ್ರೈವರ್ ಒಯ್ಯಿರಿ. ಎಂಜಿನ್ ತಣ್ಣಗಿರಲಿ ಎಂದು ಮೊದಲೇ ಹೇಳಿ. ಮುಟ್ಟಿದಾಗ ಬಾನೆಟ್ ಬೆಚ್ಚಗಿದ್ದರೆ ಸ್ಟಾರ್ಟಿಂಗ್ ತೊಂದರೆ ಮುಚ್ಚಿಟ್ಟಿರಬಹುದು. ಬಾಗಿಲು, ಬಣ್ಣ ಆಮೇಲೆ, ಮೊದಲು ಚಾಪೆ ಹಾಸಿ ಅಡಿಗೆ ತೂರಿ. ಚಳಿಗಾಲದಲ್ಲಿ ಇಲ್ಲಿನ ರಸ್ತೆಗೆ ಉಪ್ಪು ಎರಚುತ್ತಾರೆ. ಏಣಿಯಾಕಾರದ ಚಾಸಿಯ ಟೊಳ್ಳಿನೊಳಗೆ ಕೆಸರೂ ಉಪ್ಪೂ ಸೇರಿ ಒಳಗಿನಿಂದ ತಿನ್ನುತ್ತವೆ, ಹೊರಗೆ ಕಾಣುವಷ್ಟರಲ್ಲಿ ತಗಡು ತೆಳುವಾಗಿರುತ್ತದೆ. ಮಾಲೀಕರನ್ನು ಕೇಳಿ, ಸ್ಕ್ರೂಡ್ರೈವರಿನ ಹಿಡಿಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ಕೊಳೆತದ್ದು ಬೊದ್ದಾಗಿ ಸದ್ದು ಮಾಡುತ್ತದೆ. ಹಿಂದಿನ ಅಡ್ಡಪಟ್ಟಿ, ಸಸ್ಪೆನ್ಷನ್ ಕೂರುವ ಜಾಗಗಳಲ್ಲಿ ತಾಳ್ಮೆಯಿಂದ ನೋಡಿ. ಸಸ್ಪೆನ್ಷನ್, ಸೀಟ್ ಬೆಲ್ಟ್ ಬಿಗಿದ ಜಾಗದಿಂದ 30 ಸೆಂಟಿಮೀಟರ್ ಒಳಗೆ ತುಕ್ಕಿನಿಂದ ಬಲ ಕುಂದಿದ್ದರೆ ಎಂಒಟಿ ಫೇಲಾಗುತ್ತದೆ. ಹೊಸದಾಗಿ ಬಳಿದ ಕಪ್ಪು ಲೇಪ ಕಂಡರೆ, ಬಳಿಯುವ ಮುಂಚಿನ ಫೋಟೋ ಇಲ್ಲದಿದ್ದರೆ, ನಂಬಬೇಡಿ.

ನಾಲ್ಕು ಟೈರುಗಳೂ ಒಂದೇ ಕಂಪನಿ, ಒಂದೇ ಅಳತೆ, ಹೆಚ್ಚುಕಡಿಮೆ ಒಂದೇ ಸವೆತದವಾಗಿರಬೇಕು. ಸುಬಾರು ಫಾರೆಸ್ಟರ್‌ನಂಥ ಸದಾ ಫೋರ್ ವೀಲ್ ಗಾಡಿಗೆ ಎರಡು ಹೊಸ, ಎರಡು ಸವೆದ ಟೈರು ಹಾಕಿ ಓಡಿಸಿದರೆ ಸುತ್ತಳತೆಯ ವ್ಯತ್ಯಾಸಕ್ಕೆ, ಮುಂದಿನ ಹಿಂದಿನ ಚಕ್ರಗಳನ್ನು ಬೆಸೆಯುವ ನಡುವಿನ ಕಪ್ಲಿಂಗ್ ಸದಾ ತಿಣುಕಿ ಬಿಸಿಯಾಗಿ ಕೆಡುತ್ತದೆ.

ಓಡಿಸುವಾಗ ಖಾಲಿ ಜಾಗದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಎಡಕ್ಕೊಂದು, ಬಲಕ್ಕೊಂದು ಸುತ್ತು ಹಾಕಿ. ಯಾರೋ ಹಿಡಿದೆಳೆದಂತೆ ಗಾಡಿ ತಡೆದರೆ ಕಪ್ಲಿಂಗ್ ಬಿಗಿದಿದೆ. ಕಟಕಟ ಎಂದರೆ ಚಕ್ರದ ಬಳಿಯ ಜಾಯಿಂಟ್ ಸವೆದಿದೆ. ಜಿಮ್ನಿ, ಹೈಲಕ್ಸ್ ಆದರೆ ಹುಲ್ಲಿನ ಮೇಲೆ ನಿಲ್ಲಿಸಿ ಫೋರ್ ವೀಲ್ ಹಾಕಿ, ಲೋ ಗೇರ್ ಹಾಕಿ, ಹತ್ತು ಮೀಟರ್ ಹೋಗಿ ತೆಗೆಯಿರಿ. ವರ್ಷಗಟ್ಟಲೆ ಬಳಸದೆ ಜಾಮ್ ಆದವು ಎಷ್ಟೋ ಇವೆ. ಯೇಟಿಯಂಥದ್ದಾದರೆ ಒದ್ದೆ ಹುಲ್ಲಿನಲ್ಲಿ ಜೋರಾಗಿ ಹೊರಡಿ. ಮುಂದಿನ ಚಕ್ರ ಸುಮ್ಮನೆ ತಿರುಗಿ ಹಿಂದಿನವು ತಳ್ಳದಿದ್ದರೆ ಹ್ಯಾಲ್ಡೆಕ್ಸ್ ಪಂಪ್ ಹೋಗಿದೆ. ಅದರ ಎಣ್ಣೆಯನ್ನು ಸುಮಾರು ಮೂರು ವರ್ಷಕ್ಕೊಮ್ಮೆ ಬದಲಿಸದಿದ್ದರೆ ಕೊಳೆ ಕಟ್ಟಿ ಪಂಪ್ ಸುಡುತ್ತದೆ, ಗಾಡಿ ಗೊತ್ತಾಗದಂತೆ ಟೂ ವೀಲ್ ಆಗಿಬಿಡುತ್ತದೆ. ಸರ್ವಿಸ್ ಪುಸ್ತಕದಲ್ಲಿ ಆ ಸಾಲು ಹುಡುಕಿ.

ಕಾಗದಪತ್ರದಲ್ಲಿ ನಮ್ಮವರು ಎಡವುವುದು ಲಾಗ್‌ಬುಕ್ಕನ್ನು ನಮ್ಮ ಆರ್‌ಸಿ ಬುಕ್ ಎಂದುಕೊಂಡು. ಇಲ್ಲಿನ ವಿ5ಸಿ ಲಾಗ್‌ಬುಕ್ ಗಾಡಿ ಯಾರ ಸುಪರ್ದಿಯಲ್ಲಿದೆ ಎಂದಷ್ಟೇ ಹೇಳುತ್ತದೆ, ಮಾಲೀಕತ್ವಕ್ಕೆ ಪುರಾವೆಯಲ್ಲ. ಗಾಡಿಯ ಮೇಲೆ ಸಾಲ ಬಾಕಿಯಿದ್ದರೆ ಫೈನಾನ್ಸ್ ಕಂಪನಿ ಹಕ್ಕು ಸಾಧಿಸಬಹುದು. 20 ಪೌಂಡಿನ ಆಸುಪಾಸಿನಲ್ಲಿ ಆಗುವ ಎಚ್‌ಪಿಐ ತಪಾಸಣೆಯಲ್ಲಿ ಸಾಲ, ಕಳವು, ವಿಮಾ ಕಂಪನಿ ಕೈಬಿಟ್ಟಂಥ ಅಪಘಾತ ಮೂರೂ ಗೊತ್ತಾಗುತ್ತವೆ. ಎಸ್ ವರ್ಗ ಎಂದು ಬಂದರೆ ಗಾಡಿಯ ಎಲುಬಿಗೇ ಪೆಟ್ಟು ಬಿದ್ದಿತ್ತು ಎಂದರ್ಥ. ಮಾರುವವರ ಮನೆಯಲ್ಲೇ ಗಾಡಿ ನೋಡಿ, ವಿಳಾಸ ಲಾಗ್‌ಬುಕ್‌ಗೆ ತಾಳೆಯಾಗಬೇಕು. ವ್ಯಾಪಾರಿಯಿಂದ ಕೊಂಡರೆ 2015ರ ಗ್ರಾಹಕ ಹಕ್ಕು ಕಾಯ್ದೆಯಂತೆ, ಕೊಳ್ಳುವಾಗಲೇ ದೋಷವಿತ್ತೆಂದು ತೋರಿಸಿದರೆ 30 ದಿನದೊಳಗೆ ಗಾಡಿ ತಿರುಗಿಸಿ ಹಣ ಪಡೆಯಬಹುದು. ಖಾಸಗಿ ಮಾರಾಟದಲ್ಲಿ ಆ ರಕ್ಷಣೆಯಿಲ್ಲ. ಮೊದಲ ಸಲ ಕೊಳ್ಳುವವರು ನಾಲ್ಕು ಕಾಸು ಹೆಚ್ಚಾದರೂ ವ್ಯಾಪಾರಿಯಿಂದಲೇ ಕೊಳ್ಳಿ.

ಹಣವನ್ನು ಬ್ಯಾಂಕ್ ವರ್ಗಾವಣೆಯಲ್ಲಿ ಕೊಡಿ. ಮಾರುವವರು ನಿಮ್ಮ ಕಣ್ಣೆದುರೇ ವಾಹನ ನೋಂದಣಿ ಇಲಾಖೆಯಾದ ಡಿವಿಎಲ್‌ಎ ತಾಣದಲ್ಲಿ ಹೆಸರು ಬದಲಿಸಿ ಲಾಗ್‌ಬುಕ್ಕಿನ ಹಸಿರು ಚೀಟಿ ಹರಿದು ಕೊಡಲಿ. 2014ರ ಅಕ್ಟೋಬರ್‌ನಿಂದ ಹಳೇ ತೆರಿಗೆ ಹೊಸಬರಿಗೆ ದಾಟುವುದಿಲ್ಲ, ವಿಮೆಯೂ ಗಾಡಿಯ ಜೊತೆ ಬರುವುದಿಲ್ಲ. ಆ ಚೀಟಿಯ 12 ಅಂಕಿಯ ಸಂಖ್ಯೆ ಹಾಕಿ ಅಲ್ಲೇ ತೆರಿಗೆ ಕಟ್ಟಿ, ವಿಮೆ ಶುರುವಾಯಿತೆಂದು ಖಚಿತಪಡಿಸಿಕೊಂಡ ಮೇಲಷ್ಟೇ ಕೀಲಿ ತಿರುಗಿಸಿ. ನಂಬರ್ ಓದುವ ಕ್ಯಾಮೆರಾಗಳು ದಾರಿಯುದ್ದಕ್ಕೂ ಇವೆ.

ಮನೆಗೆ ತಂದ ವಾರದೊಳಗೆ ಎಂಜಿನ್ನಿನದಷ್ಟೇ ಅಲ್ಲ, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಪೆಟ್ಟಿಗೆ), ಇರುವ ಡಿಫರೆನ್ಶಿಯಲ್‌ಗಳ ಎಣ್ಣೆಯನ್ನೂ ಬದಲಾಯಿಸಿ. ಹಳೇ ಎಣ್ಣೆ ಹಾಲು ಬೆರೆತಂತಿದ್ದರೆ ಗಾಡಿ ಹಳ್ಳ ದಾಟಿ ನೀರು ಕುಡಿದಿದೆ. ಆಗ ಸೀಲ್‌ಗಳನ್ನೂ, ಈ ಭಾಗಗಳಿಗೆ ಗಾಳಿಯಾಡಿಸುವ ಉಸಿರುಕೊಳವೆಗಳನ್ನೂ ನೋಡಿಸಿ.